ಟ್ಯಾಗೋರ್ ತೀರದಲ್ಲಿ ಟ್ಯಾಗೋರರ ನಾಟಕ ಆಗಲಿ

ಮಾನ್ಯ ಸಂಪಾದಕರೇ,

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಸ್ವಚ್ಛತೆ, ಪ್ರವಾಸಿಗರು, ಯುದ್ಧನೌಕೆ ಸಂಗ್ರಹಾಲಯ, ಬಂದರು. ಎಲ್ಲವೂ ಬೇಕಾದ ಸುದ್ದಿಯೇ. ಆದರೆ ಟ್ಯಾಗೋರರು ಈ ಊರಲ್ಲಿದ್ದಾಗ ಬರೆದ ನಾಟಕದ ಬಗ್ಗೆ ಮಾತು ಕೇಳಿಬರುವುದು ಅಪರೂಪ. ಅದರ ಬಗ್ಗೆ ನಾಲ್ಕು ಮಾತು ಹೇಳಲು ಈ ಪತ್ರ.

ಅದು 1883. ಅವರಿಗೆ ಆಗ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದ ತಮ್ಮ ಇಲ್ಲಿನ ಗಾಳಿಮರ, ಅರ್ಧಚಂದ್ರದ ಹಾಗೆ ಬಾಗಿದ ಕಡಲು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿದ್ದು, ಹಿಂದಿರುಗುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದು ಎಲ್ಲವನ್ನೂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾರವಾರದಲ್ಲೇ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ', ಅಂದರೆ ಪ್ರಕೃತಿಯ ಪ್ರತೀಕಾರ. ತಾನು ಮುಂದೆ ಬರೆದದ್ದಕ್ಕೆಲ್ಲ ಇದನ್ನೇ ಪೀಠಿಕೆ ಎನ್ನಬಹುದು ಅಂತ ಅವರೇ ಹೇಳಿಕೊಂಡಿದ್ದಾರೆ. ಒಂದು ಊರಿಗೆ ಇದಕ್ಕಿಂತ ದೊಡ್ಡ ಗೌರವ ಏನು ಬೇಕು?

ಕತೆ ಸಣ್ಣದು. ಒಬ್ಬ ಸನ್ಯಾಸಿ. ಗುಹೆಯಲ್ಲಿ ಕೂತು ಆಸೆ, ಪ್ರೀತಿ, ದುಃಖ ಎಲ್ಲವನ್ನೂ ಗೆದ್ದೆ ಅಂದುಕೊಂಡು ಹೊರಗೆ ಬರುತ್ತಾನೆ. ದಾರಿಬದಿಯಲ್ಲಿ ಕೂತು ಹೋಗಿಬರುವ ಜನರನ್ನು ನೋಡುತ್ತಾನೆ. ಅವರ ಜಗಳ, ನಗು, ವ್ಯಾಪಾರ ಎಲ್ಲ ಅವನಿಗೆ ಕ್ಷುಲ್ಲಕ. ಅಷ್ಟರಲ್ಲಿ ಒಬ್ಬ ಅನಾಥ ಹುಡುಗಿ ಬರುತ್ತಾಳೆ. ಅಪ್ಪನ ಕಾರಣಕ್ಕೆ ಊರವರು ಅವಳನ್ನು ಮುಟ್ಟಿಸಿಕೊಳ್ಳುವುದಿಲ್ಲ. ಸನ್ಯಾಸಿ ಅವಳನ್ನು ದೂರ ಮಾಡುವುದಿಲ್ಲ. ಹುಡುಗಿ ಅವನನ್ನು ಅಪ್ಪನ ಹಾಗೆ ಹಚ್ಚಿಕೊಳ್ಳುತ್ತಾಳೆ. ಅವನಿಗೂ ಮನಸ್ಸು ಅಂಟುತ್ತದೆ. ಅಂಟಿದ್ದು ಗೊತ್ತಾದ ಕೂಡಲೇ ಹೆದರಿ, ಇದೆಲ್ಲ ಮಾಯೆ ಅಂತ ಅವಳನ್ನು ಬಿಟ್ಟು ಓಡುತ್ತಾನೆ. ದೂರ ಹೋದ ಮೇಲೆ ತಡೆಯಲಾಗುವುದಿಲ್ಲ. ದಂಡ, ಭಿಕ್ಷಾಪಾತ್ರೆ ಎಸೆದು ವಾಪಸ್ ಬರುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ.

ಇದನ್ನು ಓದಿದವರು ಸಾಮಾನ್ಯವಾಗಿ 'ಸಂಸಾರ ದೊಡ್ಡದು, ಸನ್ಯಾಸ ಸಣ್ಣದು' ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದು ಸಾಲದು. ಸನ್ಯಾಸ ತೆಗೆದುಕೊಂಡದ್ದು ತಪ್ಪು ಅಂತ ನಾಟಕದಲ್ಲಿ ನನಗೆಲ್ಲೂ ಕಾಣಲಿಲ್ಲ. ತಪ್ಪಾಗುವುದು ಆಮೇಲೆ. ಊರವರು ಆ ಹುಡುಗಿಯನ್ನು ಅಟ್ಟಿದರು. ಅದು ಕ್ರೌರ್ಯವೇ. ಆದರೆ ಅವರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಸನ್ಯಾಸಿಯ ಮೇಲೆ ಇತ್ತು. ಅಟ್ಟಿದವರಿಗಿಂತ ಹತ್ತಿರ ಕರೆದು ಬಿಟ್ಟುಹೋದವನೇ ಅವಳಿಗೆ ಜಾಸ್ತಿ ನೋವು ಕೊಟ್ಟ. ಅದೂ ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ತನ್ನ ವ್ರತ ಕೆಡಬಾರದು ಅನ್ನುವ ಒಳ್ಳೆಯ ಉದ್ದೇಶದಿಂದಲೇ. 22 ವರ್ಷದ ಹುಡುಗನಿಗೆ ಇದು ಹೇಗೆ ಹೊಳೆಯಿತೋ! ಊರಿಗೆ ಮರಳಿದ ಸ್ವಲ್ಪ ದಿನಕ್ಕೇ, ಅದೇ ಡಿಸೆಂಬರಿನಲ್ಲಿ, ಅವರ ಮದುವೆಯೂ ಆಯಿತು.

ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆ ಹೊಸದೇನಲ್ಲ. 'ಭೀಷ್ಮ ವಿಜಯ' ಯಕ್ಷಗಾನ ಪ್ರಸಂಗ ನೋಡದವರು, ಕೇಳದವರು ಇಲ್ಲಿ ಎಷ್ಟು ಜನ ಇದ್ದಾರು? ಅಪ್ಪನ ಮದುವೆಗಾಗಿ ದಾಶರಾಜನ ಎದುರು ದೇವವ್ರತ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿ ಭೀಷ್ಮನಾದ. ತಮ್ಮ ವಿಚಿತ್ರವೀರ್ಯನಿಗೆಂದು ಕಾಶಿಯ ಮೂವರು ರಾಜಕುಮಾರಿಯರನ್ನು ಸ್ವಯಂವರದಿಂದ ಹೊತ್ತು ತಂದ. ದೊಡ್ಡವಳು ಅಂಬೆ ಸಾಲ್ವನನ್ನು ಮೆಚ್ಚಿದ್ದಳು. ಭೀಷ್ಮ ಕಳಿಸಿಕೊಟ್ಟ, ಸಾಲ್ವ ಒಲ್ಲೆನೆಂದ. ತಿರುಗಿ ಬಂದರೆ ಇಲ್ಲೂ ಬಾಗಿಲು ಮುಚ್ಚಿತ್ತು. ನೀನೇ ಮದುವೆಯಾಗು ಅಂದರೆ ಭೀಷ್ಮ ಪ್ರತಿಜ್ಞೆ ತೋರಿಸಿದ.

ಕುಮಟಾ ಕಡೆಯ ಒಂದು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಈ ಭಾಗ ಕೇಳಿದ್ದು ನನಗೆ ಈಗಲೂ ನೆನಪಿದೆ. ಭೀಷ್ಮನ ಅರ್ಥ ಹೇಳುವವರು, ಅಂದರೆ ಆ ಪಾತ್ರದ ಮಾತಾಡುವವರು, ಬಹಳ ಚೆನ್ನಾಗಿ ವಾದ ಮಾಡುತ್ತಿದ್ದರು. ಅಪ್ಪನಿಗಾಗಿ ಕೊಟ್ಟ ಮಾತು, ಕುಲದ ಮರ್ಯಾದೆ, ಕ್ಷತ್ರಿಯ ಧರ್ಮ. ಅಂಬೆಯ ಅರ್ಥಧಾರಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ರಥಕ್ಕೆ ನನ್ನನ್ನು ಹತ್ತಿಸುವಾಗ ನಿನ್ನ ಪ್ರತಿಜ್ಞೆ ಎಲ್ಲಿತ್ತು? ನನ್ನ ಕೈ ಹಿಡಿದದ್ದು ಸಾಲ್ವನಲ್ಲ, ನಿನ್ನ ತಮ್ಮನೂ ಅಲ್ಲ." ಭೀಷ್ಮ ಸ್ವಲ್ಪ ಹೊತ್ತು ಸುಮ್ಮನಾದರು. ಹಾಡುವ ಭಾಗವತರೂ ಪದ್ಯ ಎತ್ತದೆ ಕಾದರು. ಎದುರಿಗಿದ್ದ ಹೆಂಗಸರು ತಲೆದೂಗುತ್ತಿದ್ದದ್ದನ್ನು ನಾನು ನೋಡಿದೆ. ಪ್ರಸಂಗದ ಹೆಸರಿನಲ್ಲಿ ಗೆದ್ದವನು ಭೀಷ್ಮ. ಅವತ್ತು ಆ ಚಾವಡಿಯಲ್ಲಿ ಗೆದ್ದವಳು ಅಂಬೆ.

ಭೀಷ್ಮನನ್ನು ಸಣ್ಣವನು ಮಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವನು ಕಟ್ಟಿಕೊಂಡ ಬದುಕು ಯಾರಿಗೂ ಸುಲಭದ್ದಲ್ಲ. ಆದರೆ ಇಬ್ಬರನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ ನನ್ನ ಮನಸ್ಸು ಸನ್ಯಾಸಿಯ ಕಡೆಗೇ ವಾಲುತ್ತದೆ. ಇಬ್ಬರೂ ತಾವೇ ಒಬ್ಬಳ ಬದುಕಿನೊಳಗೆ ಕಾಲಿಟ್ಟರು, ಇಬ್ಬರೂ ವ್ರತ ಮುಂದೆ ಮಾಡಿ ಹಿಂದೆ ಸರಿದರು. ಭೀಷ್ಮ, ಅಂಬೆಯ ಪರವಾಗಿ ಬಂದ ಗುರು ಪರಶುರಾಮನ ಎದುರೇ ಯುದ್ಧಕ್ಕೆ ನಿಂತ, ಮಾತು ಬಿಡಲಿಲ್ಲ. ಸನ್ಯಾಸಿ ದಂಡ ಎಸೆದ. ಇಷ್ಟು ವರ್ಷದ ತಪಸ್ಸು ಸುಳ್ಳಾದರೂ ಸರಿ, ಆ ಹುಡುಗಿ ಬೇಕು ಅಂದ. ತಡವಾಯಿತು, ನಿಜ. ಆದರೂ ತಿರುಗಿ ಬಂದನಲ್ಲ. ಹಟ ಹಿಡಿದು ನಿಲ್ಲುವುದಕ್ಕಿಂತ ತಿರುಗಿ ಬರುವುದಕ್ಕೇ ಜಾಸ್ತಿ ಧೈರ್ಯ ಬೇಕು ಅಂತ ನನಗನಿಸುತ್ತದೆ. ಇದನ್ನು ಒಪ್ಪದವರು ಇರಬಹುದು. ಮಾತು ಉಳಿಸಿಕೊಳ್ಳದವನಿಗೆ ಬೆಲೆ ಏನು ಅಂತ ಅವರು ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ.

ಟ್ಯಾಗೋರರು ಮುಂದೆ ಕರ್ಣ-ಕುಂತಿಯರ ಸಂವಾದವನ್ನೂ ಬರೆದರು. ಅಲ್ಲೂ ಬಿಟ್ಟುಹೋದವಳು ತಡವಾಗಿ ಬರುತ್ತಾಳೆ. ನಮ್ಮಲ್ಲಿ 'ಕರ್ಣಭೇದನ' ಪ್ರಸಂಗ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಮಕ್ಕಳಿಗೆ ಈ ಕತೆಗಳು ಸಿಗುವ ರೀತಿ ನೋಡಿ ಬೇಸರವಾಗುತ್ತದೆ. 'ಭೀಷ್ಮನ ಗುಣಗಳನ್ನು ಬರೆಯಿರಿ, ಐದು ಅಂಕ.' ಪಿತೃಭಕ್ತಿ, ಸತ್ಯಸಂಧತೆ, ಶೌರ್ಯ ಅಂತ ಗೈಡ್ ನೋಡಿ ಬರೆದರೆ ಮುಗಿಯಿತು. ಅಂಬೆ ಎಲ್ಲಿ ಹೋದಳು? ಒಬ್ಬನ ದೊಡ್ಡ ಗುಣವೇ ಇನ್ನೊಬ್ಬರ ಬಾಳನ್ನು ಹಾಳು ಮಾಡಬಹುದು ಅನ್ನುವುದು ಐದು ಅಂಕದ ಉತ್ತರದಲ್ಲಿ ಹಿಡಿಸುವುದಿಲ್ಲ. ತಾಳಮದ್ದಲೆಯಲ್ಲಿ ಹಿಡಿಸುತ್ತದೆ. ಯಾಕೆಂದರೆ ಅಲ್ಲಿ ಪ್ರತಿ ಪಾತ್ರಕ್ಕೂ ತನ್ನ ಮಾತು ಹೇಳಲು ಅವಕಾಶ ಇರುತ್ತದೆ, ಎದುರಿನವರು ಅದಕ್ಕೆ ಉತ್ತರ ಕೊಡಲೇಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ ಎಲ್ಲ ಕಡೆ ಅರ್ಥ ಹೇಳಬಲ್ಲವರಿದ್ದಾರೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಕೂರಿಸಿ, ನೀನು ಭೀಷ್ಮ, ನೀನು ಅಂಬೆ ಅಂತ ಹಂಚಿ, ವಾದ ಮಾಡಲು ಬಿಡಬೇಕು. ವೇಷ ಬೇಡ, ಖರ್ಚಿಲ್ಲ. ಒಂದು ಮಧ್ಯಾಹ್ನ ಸಾಕು. ಮುಂದಿನ ವಾರ ಪಾತ್ರ ಅದಲುಬದಲು ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಕೋರಿಕೆ ನಮ್ಮ ಜಿಲ್ಲೆಯ ನಾಟಕ ತಂಡಗಳಿಗೆ, ಜಿಲ್ಲಾಡಳಿತಕ್ಕೆ. ಟ್ಯಾಗೋರರು ಹುಟ್ಟಿದ್ದು ಮೇ 7ರಂದು. ಶಾಲೆಗೆ ರಜೆ, ಮಳೆ ಇನ್ನೂ ಶುರುವಾಗಿರುವುದಿಲ್ಲ. ಅವತ್ತು ಸಂಜೆ ಕಡಲತೀರದಲ್ಲೇ ಈ ನಾಟಕ ಕನ್ನಡದಲ್ಲಿ ಆಗಲಿ. ಕಾರವಾರದಲ್ಲಿ ಕೊಂಕಣಿ ಮಾತಾಡುವವರು ಜಾಸ್ತಿ, ಕೊಂಕಣಿಯಲ್ಲೂ ಒಂದು ಪ್ರದರ್ಶನ ಇರಲಿ. ದೊಡ್ಡ ರಂಗಸಜ್ಜಿಕೆ ಬೇಕಾಗಿಲ್ಲ. ಗುಹೆ, ದಾರಿ, ಊರಿನ ಜನ ಇಷ್ಟೇ. ದಾರಿಯಲ್ಲಿ ಹೋಗುವ ಜನರ ಪಾತ್ರಕ್ಕೆ ನಮ್ಮ ಮೀನು ಮಾರುಕಟ್ಟೆಯವರ, ಬಸ್‌ಸ್ಟ್ಯಾಂಡಿನವರ ಮಾತಿನ ಧಾಟಿಯೇ ಸಾಕಷ್ಟು ಚಂದ ಇದೆ, ಅಲ್ವಾ? ನಾಟಕ ಮುಗಿದ ಮೇಲೆ ಅರ್ಧ ಗಂಟೆ ಪ್ರೇಕ್ಷಕರಿಗೆ ಮಾತಾಡಲು ಬಿಡಬೇಕು. ಸನ್ಯಾಸಿ ಮಾಡಿದ್ದು ಸರಿಯೋ ತಪ್ಪೋ ಅಂತ ಹಿರಿಯರು, ಮಕ್ಕಳು ಎಲ್ಲ ಹೇಳಲಿ.

ಯಾವುದಾದರೂ ತಂಡ ಇದಕ್ಕೆ ಮುಂದಾದರೆ ಪತ್ರಿಕೆಯಲ್ಲಿ ದಯವಿಟ್ಟು ತಿಳಿಸಿ. ಕೈಲಾದ ವಂತಿಗೆ ಕೊಡುತ್ತೇನೆ. ಕುರ್ಚಿ ಜೋಡಿಸುವ ಕೆಲಸಕ್ಕೂ ನಮ್ಮ ಕೇರಿಯ ಹೆಂಗಸರನ್ನು ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕೋಡಿಬಾಗ, ಕಾರವಾರ