ಜಗಲಿಯಿಂದ ಒಂದು ಪತ್ರ

ಲೋ ಗುಂಡ,

ನೀನು ಕಳಿಸಿದ ಪಿಟೀಲು-ಪಿಯಾನೊ ರೆಕಾರ್ಡಿಂಗ್, 'ಶ್ಪೀಗೆಲ್ ಇಮ್ ಶ್ಪೀಗೆಲ್', ಕೇಳಿದೆ. ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಊರಿಗೆಲ್ಲ ಕಾಣುವ ಹಾಗೆ ಹಾಕಿದರೆ ನಾಚಿಕೆಗಾದರೂ ಉತ್ತರ ಕೊಡುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ. ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲ ಸಲ ಕೇಳಿದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಪಿಯಾನೊ ಮೂರು ಮೂರು ಸ್ವರ ಬಿಡಿಸಿ ನುಡಿಸುತ್ತಲೇ ಇತ್ತು, ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಬೀಳುವ ಹಾಗೆ. ಪಿಟೀಲು ಎರಡು ಸ್ವರ ಎಳೆದು ಸುಮ್ಮನಾಯಿತು. ಆಮೇಲೆ ಇನ್ನೆರಡು. ಇಷ್ಟೇನಾ ಅಂದುಕೊಂಡೆ. ಬೇಲೂರು ಬಸ್ಸಿನ ಕಂಡಕ್ಟರ್ ಕೂಗಿನಲ್ಲಿ ಸ್ವರ ಬಳುಕಿಸುವ ಗಮಕ ಇದಕ್ಕಿಂತ ಜಾಸ್ತಿ ಇತ್ತು.

ನಾಲ್ಕನೇ ಸಲಕ್ಕೆ ಲೆಕ್ಕ ಸಿಕ್ಕಿತು. ಮೇಲೆ ಹತ್ತುವ ಒಂದು ಸಾಲು, ಅದಕ್ಕೆ ಕನ್ನಡಿ ಹಿಡಿದ ಹಾಗೆ ಇಳಿಯುವ ಒಂದು ಸಾಲು. ಹೋಗ್ತಾ ಹೋಗ್ತಾ ಒಂದೊಂದೇ ಸ್ವರ ಸೇರುತ್ತದೆ. ಎಷ್ಟು ದೂರದಿಂದ ಹೊರಟರೂ ಬಂದು ನಿಲ್ಲುವುದು ಅದೇ ಒಂದು ಸ್ವರದಲ್ಲಿ. ಹೆಸರಿನ ಅರ್ಥವೇ ಕನ್ನಡಿಯೊಳಗೆ ಕನ್ನಡಿ. ಕಟಿಂಗ್ ಶಾಪಿನಲ್ಲಿ ಕೂತು ನಿನ್ನ ಹದಿನೇಳನೇ ತಲೆ ಎಣಿಸಿದ್ದೆಯಲ್ಲ, ಅದೇ.

ಬರೆದ ಆರ್ವೊ ಪ್ಯಾರ್ಟ್ ಎಸ್ಟೋನಿಯಾದವರು. 1935ರಲ್ಲಿ ಹುಟ್ಟಿದವರು, 90 ದಾಟಿದ್ದಾರೆ. 1968ರಲ್ಲಿ ಅವರ ಒಂದು ಕೃತಿ ಸೋವಿಯತ್ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಮುಂದಿನ ಎಂಟು ವರ್ಷ ಹೆಚ್ಚುಕಡಿಮೆ ಮೌನ, ಹಳೇ ಚರ್ಚುಗಳ ಹಾಡು ಹಿಡಿದು ಕೂತುಬಿಟ್ಟರು. ಇದನ್ನು ಬರೆದದ್ದು 1978ರಲ್ಲಿ. 1980ರಲ್ಲಿ ದೇಶವನ್ನೇ ಬಿಟ್ಟರು. ಈಗ ಮತ್ತೆ ಅಲ್ಲೇ ಇದ್ದಾರೆ.

ಪಿಟೀಲು ಆ ಸ್ವರಕ್ಕೆ ಬರುವುದು ದೂರ ಹೋದವನು ಮನೆಗೆ ಮರಳಿದ ಹಾಗೆ ಅಂತ ಅವರೇ ಹೇಳಿದ್ದಾರೆ. ಇಲ್ಲೇ ನನ್ನ ತಕರಾರು. ನಮ್ಮ ಪಿಟೀಲು ಮೇಷ್ಟ್ರು ತಿದ್ದಿದ ಕಿವಿಯಲ್ಲಿ ಕೇಳು. ಷಡ್ಜ, ಅಂದರೆ ಎಲ್ಲಕ್ಕೂ ಆಧಾರವಾದ 'ಸ', ಪಿಯಾನೊದ ತಳದಲ್ಲಿದೆ. ಪಿಟೀಲಿಗೆ ಅದು ದಾರಿಯಲ್ಲಿ ಸಿಗುತ್ತದೆ, ಆದರೂ ನಿಲ್ಲುವುದಿಲ್ಲ. ಬಂದು ಕೂರುವುದು ಗಾಂಧಾರದಲ್ಲಿ, ಎರಡು ಮೆಟ್ಟಿಲು ಮೇಲಿನ 'ಗ'ದಲ್ಲಿ! ಊರಿಗೆ ಬಂದವನು ಒಳಗೆ ಹೋಗದೆ ಜಗಲಿಯಲ್ಲೇ ಕೂತ ಹಾಗೆ, ಅಲ್ವಾ?

ಅಮ್ಮ ಹೋದ ಮೇಲೆ ಮೂಡಿಗೆರೆ ಮನೆಯೊಳಗೆ ನಾನು ಕಾಲಿಟ್ಟಿಲ್ಲ ಕಣೋ. ತಿಂಗಳಿಗೊಮ್ಮೆ ಹೋಗುತ್ತೇನೆ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂರುತ್ತೇನೆ. ಅತ್ತಿಗೆ ಕಾಫಿ ಅಲ್ಲಿಗೇ ತರುತ್ತಾರೆ, ನೆಂಟರಿಗೆ ಕೊಡುವ ಹಾಗೆ ತಟ್ಟೆಯಲ್ಲಿಟ್ಟು. ಮಳೆ, ಕಾಡಾನೆ, ಕಾಫಿ ರೇಟು ಎಲ್ಲ ಮಾತಾಡಿ ಬಸ್ಸಿಗೆ ಹೊತ್ತಾಯಿತು ಅನ್ನುತ್ತೇನೆ. ಅಮ್ಮ ಇಲ್ಲ ಅನ್ನುವುದು ನನಗೆ ಗೊತ್ತು. ಅವಳಿಲ್ಲದೆಯೂ ಆ ಅಡುಗೆಮನೆ ಸರಿಯಾಗಿ ನಡೆಯುತ್ತಿದೆ, ಅದನ್ನು ನೋಡಲು ಆಗುವುದಿಲ್ಲ. ಅಣ್ಣ ಮೊದಲೆಲ್ಲ "ಒಳಗೆ ಬಾರೋ" ಅನ್ನುತ್ತಿದ್ದ. ಹೋದ ಸಲ ಅನ್ನಲಿಲ್ಲ.

ಸಾಕು ಬಿಡು. ಇದನ್ನು ಅತ್ತಿಗೆ ಓದಿದರೆ ಆ ಕಾಫಿಗೂ ಕುತ್ತು.

ನಿನ್ನೆ ಮಂಚದ ಕೆಳಗಿನ ಪಿಟೀಲು ತೆಗೆದೆ. ಎರಡೇ ಸ್ವರ ತಾನೇ ಅಂತ ಶುರು ಮಾಡಿದೆ. ಅಷ್ಟು ನಿಧಾನ ಎಳೆದರೆ ಕಮಾನು ನಡುಗುತ್ತದೆ, ಮುಚ್ಚಿಡೋಣ ಅಂದರೆ ಒಂದು ಗಮಕವೂ ಇಲ್ಲ. ಮೇಷ್ಟ್ರು ಇದ್ದಿದ್ದರೆ ಛತ್ರಿ ಎತ್ತುತ್ತಿದ್ದರು.

ಅಯ್ಯೋ, ಎತ್ತುವುದಿಲ್ಲ ಅಂದಿದ್ದೆ.

ಇಂತಿ ನಿನ್ನ,
ಅರ್ಧ ಇಡ್ಲಿ