ಮಗಳಿಗೊಂದು ಪತ್ರ: ನೀರು ತುಂಬಿದ ಬಲೂನು

ಕೊಲಂಬಿಯಾ, ಮೇರಿಲ್ಯಾಂಡ್
ಅಕ್ಟೋಬರ್ 2025

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಕಳೆದ ಭಾನುವಾರ ನಿನಗೆ ತಿಳಿಸದೆಯೇ ಪೆನ್ಸಿಲ್ವೇನಿಯಾಕ್ಕೆ ಬಂದು, ನೀನು ಮಕ್ಕಳಿಗೆ ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲ್ಯಾಕ್ರೋಸ್ ಆಟ ಹೇಳಿಕೊಡುವ ಮೈದಾನದ ಬೇಲಿಯಾಚೆ ಮುಕ್ಕಾಲು ಗಂಟೆ ಕಾರಿನಲ್ಲೇ ಕುಳಿತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬರುವ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವುದಿಲ್ಲ, ಅಲ್ಲಿಯೇ ಉಳಿದು ಎಂಟು-ಒಂಬತ್ತು ವರ್ಷದ ಹುಡುಗಿಯರಿಗೆ ಕೋಚ್ ಆಗಿರುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದ ದಿನ ನಾನು ಏನೇನು ಆಡಿದೆನೋ ಅದನ್ನು ಮತ್ತೆ ಬರೆಯಲು ಮನಸ್ಸಿಲ್ಲ, ನಿನಗೂ ನೆನಪಿರುತ್ತದೆ. ನೋಡಿ ಬರೋಣವೆಂದು ಹೊರಟೆ ಎಂದು ನಿನ್ನ ಅಮ್ಮನಿಗೆ ಹೇಳಿದ್ದೆನಾದರೂ, ನಿಜವಾಗಿ ನಾನು ಬಂದದ್ದು ತಪ್ಪು ಹುಡುಕುವುದಕ್ಕೆ.

ಹದಿನಾಲ್ಕು ಮಕ್ಕಳಿದ್ದರು. ಅವರಲ್ಲಿ ಎರಡು ಜಡೆಯ, ನೀಲಿ ಕಾಲುಚೀಲದ ಹುಡುಗಿಯೊಬ್ಬಳು ಬಂದ ಪ್ರತಿ ಚೆಂಡಿಗೂ ಕೋಲನ್ನು ಎದುರಿಗೆ ಬೀಸುತ್ತಿದ್ದಳು. ಚೆಂಡು ಬಲೆಗೆ ಬಡಿದು, ಪುಟಿದು, ಹುಲ್ಲಿಗೆ ಬೀಳುತ್ತಿತ್ತು. ನೀನು ಗದರಲಿಲ್ಲ, ವಿವರಿಸಲೂ ಇಲ್ಲ. ಬಕೆಟ್ಟಿನಿಂದ ನೀರು ತುಂಬಿದ ಬಲೂನೊಂದನ್ನು ತೆಗೆದು ನಾಲ್ಕು ಹೆಜ್ಜೆ ದೂರದಿಂದ ಮೆಲ್ಲಗೆ ಎಸೆದೆ. ಅದು ಒಡೆದು ಅವಳ ಗಾಗಲ್‌ನ ಮೇಲೆಲ್ಲ ನೀರು ಚೆಲ್ಲಿತು. ಎರಡನೆಯದೂ ಒಡೆಯಿತು, ಸುತ್ತಲಿದ್ದವರು ನಕ್ಕರು, ಅವಳೂ ನಕ್ಕಳು. ಮೂರನೆಯದು ಬರುವ ಹೊತ್ತಿಗೆ ಅವಳು ತಾನಾಗಿಯೇ ಕೋಲಿನ ತಲೆಯನ್ನು ಕಿವಿಯ ಪಕ್ಕಕ್ಕೆ ಎಳೆದುಕೊಂಡಳು, ಮೊಣಕೈ ಸಡಿಲವಾಯಿತು, ಬಲೂನು ಒಡೆಯದೆ ಬಲೆಯೊಳಗೆ ಕುಳಿತು ತುಳುಕಿತು. ಅವಳು ಅದನ್ನೇ ಬೆರಗಿನಿಂದ ನೋಡುತ್ತಿರುವಾಗ ನೀನು ಅದನ್ನು ತೆಗೆದುಕೊಂಡು ಹಳದಿ ಚೆಂಡು ಎಸೆದೆ, ಅದೂ ಕುಳಿತಿತು. ಹನ್ನೊಂದು ವರ್ಷ ಬೇಲಿಯ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ನೋಡಿದ ಆಟದಲ್ಲಿ, ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಸರಿಯಬೇಕು ಎಂಬುದು ನನಗೆ ತಿಳಿದದ್ದು ಆ ದಿನವೇ.

ನನ್ನ ಲೆಕ್ಕಾಚಾರ ನಿನಗೆ ಗೊತ್ತಿದ್ದದ್ದೇ. ಆಟವೆಂದರೆ ಕಾಲೇಜಿನ ಪ್ರವೇಶಕ್ಕೆ ಒಂದು ಮೆಟ್ಟಿಲು, ಅದೃಷ್ಟವಿದ್ದರೆ ಒಂದಿಷ್ಟು ವಿದ್ಯಾರ್ಥಿವೇತನ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಇಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೂರನೆಯ ಡಿವಿಷನ್ನಿನ ಕಾಲೇಜುಗಳು ಆಟಕ್ಕೆಂದು ಒಂದು ಡಾಲರನ್ನೂ ಕೊಡುವಂತಿಲ್ಲ ಎಂದು ತಿಳಿದ ರಾತ್ರಿ, ಕ್ಲಬ್ಬಿನ ಶುಲ್ಕ, ಕೋಲು, ಗಾಗಲ್, ಹೋಟೆಲು, ಪೆಟ್ರೋಲು ಎಲ್ಲವನ್ನೂ ಕೂಡಿ ನೋಡಿ ನಿಟ್ಟುಸಿರು ಬಿಟ್ಟವನು ನಾನು. ಆದರೆ ಬೆಳಗಿನ ಆರು ಗಂಟೆಗೆ ಎದ್ದು ಅಭ್ಯಾಸಕ್ಕೆ ಹೋಗುವ ನಿನಗೆ ಯಾರೂ ಏನೂ ಕೊಡುತ್ತಿಲ್ಲ ಎಂಬ ಅದೇ ಸಂಗತಿಯನ್ನು ಇನ್ನೊಂದು ಕಡೆಯಿಂದ ನೋಡಬಹುದೆಂದು ನನಗೆ ಹೊಳೆಯಲಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುವುದಿಲ್ಲ: ಭಾನುವಾರದ ಕನ್ನಡ ಶಾಲೆ ಬಿಟ್ಟು ಅಭ್ಯಾಸಕ್ಕೆ ಹೋಗುತ್ತೇನೆಂದು ನೀನು ಹಟ ಹಿಡಿದಾಗ ನಾನು ಬಿಡದಿದ್ದುದರಿಂದಲೇ ಈ ಕಾಗದವನ್ನು ನೀನೀಗ ಓದುತ್ತಿದ್ದೀಯೆ. ಉದ್ದನೆಯ ವಾಕ್ಯಗಳಲ್ಲಿ ದಾರಿ ತಪ್ಪಿದರೆ ಅಮ್ಮನಿಗೆ ಫೋನು ಮಾಡು.

ಕಾರಿನಲ್ಲಿ ಕುಳಿತಿದ್ದಾಗ ನೆನಪಾದದ್ದು ನಿನ್ನ ನಾಲ್ಕನೆಯ ತರಗತಿ. ನಿನ್ನಲ್ಲಿ ಕೋಲಿರಲಿಲ್ಲ, ಒಂದು ತಿಂಗಳಲ್ಲಿ ಬಿಟ್ಟುಬಿಡುತ್ತಾಳೆ, ಸುಮ್ಮನೆ ಏಕೆ ಖರ್ಚು ಎಂದು ನಾನೇ ಕೊಡಿಸಿರಲಿಲ್ಲ. ಆಗ ಕಾಲೇಜಿನ ಹುಡುಗಿಯೊಬ್ಬಳು ಕಲಿಸಲು ಬರುತ್ತಿದ್ದಳು. ಅವಳು ತನ್ನ ಹಳೆಯ ಕೋಲಿನ ದಂಡವನ್ನು ಗರಗಸದಿಂದ ನಿನ್ನ ತೋಳಿನ ಅಳತೆಗೆ ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ನಿನ್ನ ಕೈಗಿತ್ತಳು. ಆ ಋತು ಮುಗಿದ ಮೇಲೆ ನಾವು ಅವಳನ್ನು ಮತ್ತೆ ಕಾಣಲಿಲ್ಲ, ಅವಳ ಮುಖವೂ ನನಗೆ ಮಸುಕು. ನೀನು ಫೋನಿನಲ್ಲಿ ‘ಗಿವಿಂಗ್ ಬ್ಯಾಕ್’ ಎಂದಾಗ, ಯಾರಿಗೆ ವಾಪಸು ಕೊಡುತ್ತೀಯೆ, ಯಾರು ಕೇಳಿದ್ದಾರೆ ಎಂದು ನಾನು ಕೊಂಕು ನುಡಿದೆನಲ್ಲ, ಆ ಕಪ್ಪು ಟೇಪನ್ನು ಮರೆತು ಆಡಿದ ಮಾತದು. ನಮ್ಮ ಹಾಸನದ ಕಡೆಯ ಹೈಸ್ಕೂಲಿನಲ್ಲಿ ನನಗೆ ಖೋ ಖೋದ ಪೋಲ್ ಡೈವ್ ಕಲಿಸಿದವರೂ ಪಿ.ಟಿ. ಮೇಷ್ಟ್ರಲ್ಲ; ಮೊಣಕಾಲಿಗೆ ಅರಿಸಿನ ಮೆತ್ತಿಕೊಂಡಿದ್ದ ಹತ್ತನೆಯ ತರಗತಿಯ ಹುಡುಗರು. ಅದಕ್ಕೆ ನಾನು ಯಾರಿಗೂ ಏನನ್ನೂ ಮಾಡಲಿಲ್ಲ.

ಹೆಣ್ಣುಮಕ್ಕಳ ಲ್ಯಾಕ್ರೋಸ್ ನಮ್ಮ ಮೇರಿಲ್ಯಾಂಡಿಗೆ ಬಂದದ್ದೂ ಹೀಗೆ ಒಬ್ಬರಿಂದೊಬ್ಬರ ಕೈ ದಾಟಿ ಎಂದು ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಲೂಯಿಸಾ ಲಮ್ಸ್‌ಡೆನ್ ಎಂಬ ಮಾಜಿ ಮುಖ್ಯೋಪಾಧ್ಯಾಯಿನಿ 1884ರಲ್ಲಿ ಮಾಂಟ್ರಿಯಲ್‌ನಲ್ಲಿ ಈ ಆಟವನ್ನು ನೋಡಿ ಮರುಳಾದರು. 1890ರಲ್ಲಿ, ಅವರು ಹಿಂದೆ ನಡೆಸಿದ್ದ ಸ್ಕಾಟ್ಲೆಂಡಿನ ಸೇಂಟ್ ಲಿಯೊನಾರ್ಡ್ಸ್ ಶಾಲೆಯಲ್ಲಿ ಹುಡುಗಿಯರು ಅದನ್ನು ಆಡತೊಡಗಿದರು. ಅದೇ ಶಾಲೆಯಲ್ಲಿ ಓದಿದ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಬಾಲ್ಟಿಮೋರಿನ ಬ್ರಿನ್ ಮಾರ್ ಶಾಲೆಯಲ್ಲಿ ತಂಡ ಕಟ್ಟಿದರು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಅದು; ಇಷ್ಟು ವರ್ಷ ಅದರ ಮುಂದೆ ಓಡಾಡಿಯೂ ನನಗೆ ಗೊತ್ತಿರಲಿಲ್ಲ.

ಆದರೆ ಕಥೆಯನ್ನು ಸ್ಕಾಟ್ಲೆಂಡಿನಿಂದ ಆರಂಭಿಸಿದರೆ ಅನ್ಯಾಯವಾಗುತ್ತದೆ. 2022ರ ಬೇಸಿಗೆಯಲ್ಲಿ ಟೌಸನ್‌ನಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ನಾವಿಬ್ಬರೂ ಹೋಗಿದ್ದೆವಲ್ಲ, ಅಲ್ಲಿ ನೇರಳೆ ಬಣ್ಣದ ಬಾವುಟ ಕಂಡು ಇದು ಯಾವ ದೇಶ ಎಂದು ನಾನು ಕೇಳಿದ್ದೆ. ಹೋಡೆನೋಷೋನಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಒಕ್ಕೂಟ ಎಂದು ಹೇಳಿದವಳು ನೀನು. ಸೃಷ್ಟಿಕರ್ತನಿಗೆ ಪ್ರಿಯವಾದ ಆಟ, ಕಾಯಿಲೆ ಗುಣಪಡಿಸುವ ಆಟ ಎಂದು ಅವರು ಶತಮಾನಗಳಿಂದ ಇದನ್ನು ಆಡುತ್ತ ಬಂದವರು. ಹೆಂಗಸರು ಮರದ ಕೋಲನ್ನು ಮುಟ್ಟಬಾರದೆಂಬ ಸಂಪ್ರದಾಯವಿದ್ದ ಅದೇ ಜನರ ಹೆಣ್ಣುಮಕ್ಕಳು ಅಂದು ತಮ್ಮದೇ ಬಾವುಟದಡಿ ಓಡುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ ಒಲಿಂಪಿಕ್ ಸಮಿತಿಯು ಕ್ರಿಕೆಟ್ಟನ್ನೂ ಲ್ಯಾಕ್ರೋಸನ್ನೂ ಒಟ್ಟಿಗೇ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿದಾಗ ನಮ್ಮ ಮನೆಯಲ್ಲಿ ಇಬ್ಬರಿಗೂ ಹಬ್ಬ; ಆದರೆ ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಲ್ಲದ ಹೋಡೆನೋಷೋನಿಗಳಿಗೆ ಅಲ್ಲಿ ಬಾಗಿಲು ತೆರೆಯುವುದೇ ಕಷ್ಟ ಎಂದು ನೀನು ಊಟ ಬಿಟ್ಟು ವಾದಿಸಿದ್ದೆ. ಆಟದ ನಡುವೆ ಮಳೆ ಬಂದು, ಗುಡುಗು ನಿಂತ ಮೇಲೂ ಅರ್ಧ ಗಂಟೆ ಕಾಯಬೇಕಾದಾಗ, ಆ ಹದಿನಾಲ್ಕು ಮಕ್ಕಳಿಗೆ ಈ ವಿಷಯವನ್ನು ಹೇಳು. ಚಿಕ್ಕವರಿಗೆ ಅರ್ಥವಾಗುವುದಿಲ್ಲ ಎನ್ನಬೇಡ. ಬಲೂನು ಅರ್ಥವಾದವರಿಗೆ ಇದೂ ಅರ್ಥವಾಗುತ್ತದೆ.

ನಿನ್ನ ನಿರ್ಧಾರ ನನಗೆ ಪೂರ್ತಿ ಒಪ್ಪಿಗೆಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರನೆಯ ವರ್ಷದ ಬೇಸಿಗೆ ಕೈಬಿಟ್ಟರೆ ಕೆಲಸ ಹುಡುಕುವುದು ಕಷ್ಟವಾಗಬಹುದೆಂಬ ಚಿಂತೆ ನನ್ನಲ್ಲಿ ಇದ್ದೇ ಇದೆ, ಅದನ್ನು ಥ್ಯಾಂಕ್ಸ್‌ಗಿವಿಂಗ್‌ಗೆ ನೀನು ಬಂದಾಗ ಕುಳಿತು ಮಾತಾಡೋಣ. ಆದರೆ ಅಂದು ನಾನು ದನಿಯೇರಿಸಿದ್ದು ತಪ್ಪು.

ಇನ್ನೊಂದು ಕೆಲಸದ ಮಾತು. ನಿನ್ನ ಮಕ್ಕಳಲ್ಲಿ ಮೂವರು ಒಂದೇ ಕೋಲನ್ನು ಸರದಿಯಲ್ಲಿ ಹಿಡಿಯುತ್ತಿದ್ದುದನ್ನು ಕಂಡೆ. ನಮ್ಮ ಬೀದಿಯ ಮನೆಗಳ ಗ್ಯಾರೇಜುಗಳಲ್ಲಿ ಕೇಳಿ ಏಳು ಹಳೆಯ ಕೋಲುಗಳನ್ನು ಕೂಡಿಸಿದ್ದೇನೆ. ನೀನು ಹಿಂದೆ ತೋರಿಸಿದಂತೆ ಒಂದೊಂದರಲ್ಲೂ ಚೆಂಡಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ಕೋಲಿನ ತಲೆಯ ಪಕ್ಕದ ಅಂಚಿಗಿಂತ ಮೇಲೆ ಚೆಂಡಿನ ನೆತ್ತಿ ಕಾಣುತ್ತದೆಯೇ ಎಂದು ಪರೀಕ್ಷಿಸಿದೆ. ಐದು ಸರಿಯಾಗಿವೆ. ಎರಡರ ಬಲೆ ಜೋತುಬಿದ್ದು ಚೆಂಡು ಪೂರ್ತಿ ಮುಳುಗುತ್ತದೆ. ಕೆಳಗಿನ ದಾರವನ್ನು ಬಿಗಿ ಮಾಡಲು ಹೋಗಿ ಒಂದನ್ನು ಇನ್ನಷ್ಟು ಕೆಡಿಸಿದ್ದೇನೆ. ಅದನ್ನು ಹಾಗೆಯೇ ಚೀಲದಲ್ಲಿಟ್ಟು ಮುಂದಿನ ಭಾನುವಾರ ತರುತ್ತೇನೆ, ನೀನೇ ಸರಿಮಾಡು. ದಂಡ ಎಷ್ಟು ಉದ್ದಕ್ಕೆ ಕತ್ತರಿಸಬೇಕೆಂದು ಇಂಚಿನಲ್ಲಿ ಬರೆದು ಕಳುಹಿಸು. ಗರಗಸ ನಮ್ಮಲ್ಲಿದೆ, ಕಪ್ಪು ಟೇಪು ತಂದಿಟ್ಟಿದ್ದೇನೆ.

ಇಂತಿ ನಿನ್ನ
ಅಪ್ಪ