ನ್ಯಾನ್ಯಾ ಅಂದರೆ ಅಜ್ಜಿ, ಟೊಮ್ಯಾಟೊ ಕೂಡ

ನೈರೋಬಿ, ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ಮೇ ರಜೆಯಲ್ಲಿ ಮಗಳ ಜೊತೆ ಬರ್ತೀನಿ, ಎರಡು ವಾರ ಯಾವುದಾದರೂ ಚರ್ಚಿನವರ ಅನಾಥಾಲಯದಲ್ಲಿ ಸೇವೆ ಮಾಡೋಕೆ ಏರ್ಪಾಡು ಮಾಡು ಅಂತ ಬರೆದಿದ್ದೀಯ. ಬಾ, ಖುಷಿಯಾಗಿ ಬಾ. ಹುರಿಗಡಲೆ ಚಟ್ನಿಪುಡಿ ತರೋದು ಮರೀಬೇಡ. ಅನಾಥಾಲಯದ ಏರ್ಪಾಡು ಮಾತ್ರ ನಾನು ಮಾಡಲ್ಲ. ಸಿಟ್ಟಾಗುವ ಮುಂಚೆ ಪೂರ್ತಿ ಓದು.

ಇಲ್ಲಿ ಕರೆನ್ ಅನ್ನೋ ಬಡಾವಣೆಯಲ್ಲಿ ನ್ಯುಂಬಾನಿ ಅಂತ ಒಂದು ಮಕ್ಕಳ ಮನೆ ಇದೆ. ಸ್ವಾಹಿಲಿಯಲ್ಲಿ ಆ ಪದಕ್ಕೆ 'ಮನೆಯಲ್ಲಿ' ಅಂತ ಅರ್ಥ. 1992ರಲ್ಲಿ ಅದನ್ನು ಶುರು ಮಾಡಿದವರು ಫಾದರ್ ಏಂಜೆಲೋ ಡಿಅಗೊಸ್ಟಿನೋ. ಜನ ಫಾದರ್ ಡ್ಯಾಗ್ ಅಂತಿದ್ದರು. ಅಮೆರಿಕದವರು, ಮೊದಲು ಡಾಕ್ಟರು, ಆಮೇಲೆ ಯೇಸುಸಭೆಯ ಪಾದ್ರಿ. ಮಂಗಳೂರಿನಲ್ಲಿ ಅಲೋಶಿಯಸ್ ಕಾಲೇಜು ಕಟ್ಟಿದರಲ್ಲ, ಅದೇ ಸಭೆ. ಅವರ ಜೊತೆಗೆ ನಿಂತವರು ಲೊರೆಟೊ ಸಭೆಯ ಸಿಸ್ಟರ್ ಮೇರಿ ಓವೆನ್ಸ್.

ಆಗ ಏಡ್ಸ್ ಅಂದರೆ ಜನ ಮಾರು ದೂರ ಸರಿಯುತ್ತಿದ್ದ ಕಾಲ. ಎಚ್‌ಐವಿ ಅಂತ ಗೊತ್ತಾದ ಕೂಸುಗಳನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಇದರಲ್ಲೊಂದು ವಿಚಿತ್ರ ಕೇಳು. ರೋಗದ ವಿರುದ್ಧ ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಸುಮಾರು ಹದಿನೆಂಟು ತಿಂಗಳವರೆಗೆ ಉಳಿಯಬಹುದು. ಆಗಿನ ಪರೀಕ್ಷೆ ನೋಡುತ್ತಿದ್ದದ್ದು ಆ ಪ್ರತಿಕಾಯಗಳನ್ನೇ. ಹಾಗಾಗಿ ಸೋಂಕೇ ಇಲ್ಲದ ಮಗುವಿಗೂ 'ಪಾಸಿಟಿವ್' ಅಂತ ಚೀಟಿ ಬರುತ್ತಿತ್ತು. ನ್ಯುಂಬಾನಿಗೆ ಬಂದ ಎಷ್ಟೋ ಕೂಸುಗಳು ಹಾಲು ಕುಡಿದು, ಬೆಳೆದು, ಆಮೇಲೆ 'ನೆಗೆಟಿವ್' ಆದವು. ಒಂದು ಚೀಟಿ ನೋಡಿ ಯಾರೂ ಎತ್ತಿಕೊಳ್ಳದೇ ಹೋಗಿದ್ದರೆ?

ನಿಜವಾಗಿ ಸೋಂಕಿದ್ದ ಮಕ್ಕಳು ಮಾತ್ರ ಉಳಿಯುತ್ತಿರಲಿಲ್ಲ. ಮೂರು ಔಷಧ ಸೇರಿಸಿ ಕೊಡೋ ಚಿಕಿತ್ಸೆ ಇತ್ತು, ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಜಾಸ್ತಿ. 2001ರಲ್ಲಿ ನಮ್ಮ ಮುಂಬೈನ ಔಷಧ ಕಂಪನಿ ಸಿಪ್ಲಾ, ಅದೇ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂತ ಮುಂದೆ ಬಂತು. ಪೇಟೆಂಟು ಅಡ್ಡ ಬಂದರೂ ಭಾರತದಿಂದ ತರಿಸುತ್ತೇನೆ ಅಂತ ಫಾದರ್ ಡ್ಯಾಗ್ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಕೀನ್ಯಾ ಇಂಥ ಅಗ್ಗದ ಔಷಧ ತರಿಸೋಕೆ ದಾರಿಯಾಗುವಂತೆ ತನ್ನ ಕಾನೂನು ಬದಲಿಸಿತು. ಆಫ್ರಿಕಾಕ್ಕೆ ನಾವು ಕೊಟ್ಟದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಆ ಮಾತ್ರೆ.

ಮಕ್ಕಳು ಬದುಕಿದರು. ಬದುಕಿದ ಮೇಲೆ ಶಾಲೆ ಬೇಕಲ್ವಾ? 2003ರಲ್ಲಿ ಇಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಆದರೂ ನ್ಯುಂಬಾನಿಯ ಮಕ್ಕಳನ್ನು ನೈರೋಬಿಯ ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ನ್ಯುಂಬಾನಿಯವರು ಕೋರ್ಟಿಗೆ ಹೋದರು. 2004ರ ಜನವರಿಯಲ್ಲಿ ಸರ್ಕಾರ ಮಕ್ಕಳನ್ನು ಸೇರಿಸಿಕೊಳ್ಳೋಕೆ ಒಪ್ಪಿಕೊಂಡಿತು.

ಈಗ ನನಗೆ ಜಾಸ್ತಿ ಇಷ್ಟವಾದ ಭಾಗಕ್ಕೆ ಬರ್ತೀನಿ. ಏಡ್ಸ್ ಹೊತ್ತುಕೊಂಡು ಹೋಗಿದ್ದು ನಡುವಿನ ತಲೆಮಾರನ್ನು, ದುಡಿಯುವ ಗಂಡು ಹೆಣ್ಣುಗಳನ್ನು. ಹಿಂದೆ ಉಳಿದವರು ಮುದುಕಿಯರು ಮತ್ತು ಮಕ್ಕಳು. ನಿನ್ನ ಹೆಂಡತಿಯನ್ನು ಕೇಳು, ಅವಳಿಗೆ ಬೈಬಲಿನ ಯಾಕೋಬನ ಪತ್ರಿಕೆ ಬಾಯಿಪಾಠ. ತಬ್ಬಲಿಗಳನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅಂತ ಅಲ್ಲಿದೆ. ಇಬ್ಬರ ಹೆಸರೂ ಒಂದೇ ಉಸಿರಿನಲ್ಲಿ. ನಮ್ಮ ಚರ್ಚುಗಳು ಆ ವಾಕ್ಯವನ್ನು ಎರಡು ತುಂಡು ಮಾಡಿದವು ಅಂತ ನನಗೆ ಅನ್ನಿಸುತ್ತದೆ. ತಬ್ಬಲಿಗೊಂದು ಕಟ್ಟಡ, ವಿಧವೆಗೊಂದು ಕಟ್ಟಡ, ಎರಡಕ್ಕೂ ದಾನಿಗಳ ಹೆಸರಿನ ಕಲ್ಲು.

ಕಿಟುಯಿಯಲ್ಲಿ ಫಾದರ್ ಡ್ಯಾಗ್ ಬೇರೆ ಥರ ಮಾಡಿದರು. ನೈರೋಬಿಯ ಪೂರ್ವಕ್ಕಿರುವ ಬರಗಾಲದ ಸೀಮೆ ಅದು. ಕಂಬ ಜನರ ನಾಡು. ಹಳ್ಳಗಳಿಗೆ ಅಡ್ಡ ಗೋಡೆ ಕಟ್ಟಿ ಮರಳು ತುಂಬಿಕೊಳ್ಳೋಕೆ ಬಿಡ್ತಾರೆ. ನೀರು ಆ ಮರಳಿನೊಳಗೆ ನಿಲ್ಲುತ್ತದೆ, ಬಿಸಿಲಿಗೆ ಆರೋದಿಲ್ಲ. ನಮ್ಮ ಕಡೆ ಹಳ್ಳದಲ್ಲಿ ವರತೆ ತೋಡ್ತಿದ್ದೆವಲ್ಲ, ಅದನ್ನೇ ದೊಡ್ಡದಾಗಿ ನೆನೆಸಿಕೋ. ಆ ನೆಲದಲ್ಲಿ ಸಾವಿರ ಎಕರೆ ಪಡೆದು ಒಂದು ಹಳ್ಳಿಯನ್ನೇ ಎಬ್ಬಿಸಿದರು. ಒಂದೊಂದು ಮನೆಗೆ ಒಬ್ಬ ಅಜ್ಜಿ, ಕೆಲವು ಕಡೆ ಅಜ್ಜ, ಹತ್ತರಷ್ಟು ಮಕ್ಕಳು. ಕೆಲವರು ಅವಳದೇ ಮೊಮ್ಮಕ್ಕಳು, ಉಳಿದವರು ಬೇರೆಯವರು. ಶಾಲೆ ಇದೆ, ಕಸುಬು ಕಲಿಸೋ ಪಾಲಿಟೆಕ್ನಿಕ್ ಇದೆ, ಮುಂದೆ ಹಳ್ಳಿಯ ಖರ್ಚು ಹಳ್ಳಿಯೇ ನೋಡಿಕೊಳ್ಳಲಿ ಅಂತ ಮೋಪಿಗೆ ಮಾರೋಕೆ ಬೆಳೆಸಿದ ಮೆಲಿಯಾ ಮರಗಳಿವೆ. ಬೇವಿನ ದಾಯಾದಿ ಅದು. 2006ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಹಳ್ಳಿ ಇನ್ನೂ ಎಳೆಗೂಸು.

ಅಂದಹಾಗೆ ಸ್ವಾಹಿಲಿಯಲ್ಲಿ ನ್ಯಾನ್ಯಾ ಅಂದರೆ ಅಜ್ಜಿ, ಟೊಮ್ಯಾಟೊ ಕೂಡ. ಹೊಸದರಲ್ಲಿ ನಾನು ಸಂತೆಯಲ್ಲಿ ಒಂದು ಕಿಲೋ ಅಜ್ಜಿ ಕೊಡಿ ಅಂತಿದ್ದೀನಾ ಅಂತ ಒಳಗೊಳಗೇ ನಗ್ತಿದ್ದೆ. ಅನಾಥ ಮಗುವಿಗೆ ಇಲ್ಲಿ ಯತೀಮ ಅಂತಾರೆ. ನಮ್ಮೂರ ಯತೀಂಖಾನೆಯ ಯತೀಮನೇ.

ನಿನ್ನ ಭಾವ ಮತಾಂತರದ ಮಾತು ಎತ್ತಿದನಂತೆ. ಇಲ್ಲಿ ಹತ್ತು ಜನರಲ್ಲಿ ಎಂಟಕ್ಕೂ ಜಾಸ್ತಿ ಜನ ಆಗಲೇ ಕ್ರೈಸ್ತರು ಅಂತ ಹೇಳು, ಸಾಕು.

ನನ್ನ ತಕರಾರು ಬೇರೆ. ಮಕ್ಕಳ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ, ಇಲ್ಲದಿದ್ದರೆ ಅಜ್ಜಿಯೋ ಇದ್ದಾರೆ. ಊಟ, ಸಮವಸ್ತ್ರ, ಹೈಸ್ಕೂಲಿನ ಫೀಸು, ಇವುಗಳಿಗೆ ಗತಿಯಿಲ್ಲದೆ ತಂದು ಬಿಟ್ಟಿರುತ್ತಾರೆ. ಮಗುವನ್ನು ಬಿಟ್ಟರೆ ಮಾತ್ರ ಓದು ಸಿಗುತ್ತದೆ ಅಂದರೆ ಬಡವರು ಬಿಡದೇ ಏನು ಮಾಡ್ತಾರೆ? ಕೀನ್ಯಾ ಸರ್ಕಾರ 2017ರಲ್ಲೇ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. 2022ರಿಂದ ಹತ್ತು ವರ್ಷದಲ್ಲಿ ಮಕ್ಕಳನ್ನು ಕುಟುಂಬಗಳಿಗೆ ಮರಳಿಸಬೇಕು ಅಂತ ಯೋಜನೆ ಹಾಕಿಕೊಂಡಿದೆ. ಇಂಥ ಹೊತ್ತಿನಲ್ಲಿ ನೀನು ಎರಡು ವಾರ ಬಂದು, ಎತ್ತಿ ಆಡಿಸಿ, ಫೋಟೊ ತೆಗೆದು ಹೊರಟರೆ ಆ ಮಗುವಿಗೆ ಬಿಟ್ಟು ಹೋದವರ ಲೆಕ್ಕದಲ್ಲಿ ಇನ್ನೊಬ್ಬ.

ಟಿಕೆಟಿನ ಖರ್ಚು ಕಳೆದು ಕೂಡಿಟ್ಟ ದುಡ್ಡು ಇದೆ ಅಂದೆಯಲ್ಲ, ಅದು ಅಜ್ಜಿಯ ಮನೆಯಲ್ಲೇ ಇರುವ ಮಗುವಿನ ಹೈಸ್ಕೂಲ್ ಫೀಸಿಗೆ ಹೋಗಲಿ. ಯಾರ ಕೈಗೆ ಕೊಡೋದು ಅಂತ ನೀನು ಬಂದಾಗ ಕೂತು ಮಾತಾಡೋಣ. ಮಗಳಿಗೆ ನೈರೋಬಿಯ ಸಿಂಹ ತೋರಿಸೋಣ. ಮೇನಲ್ಲಿ ಇಲ್ಲಿ ಮಳೆಗಾಲ, ಅವಳಿಗೊಂದು ಸ್ವೆಟರ್ ಇಟ್ಟುಕೋ.

ನಿನ್ನ,
ಹಳೇ ಬೆಂಚಿನ ಗೆಳೆಯ